ಏಳನೇ ಮೈಲಿಯ ಮಾದರಿ ಕಲ್ಲು

ಕಳೆದ ವಾರ ಕೋಲಾರದ ಅಂಚೆ ಕಚೇರಿಯಲ್ಲಿ ಪಿಂಚಣಿ ಕಾಗದಗಳ ಒಂದು ಪಾರ್ಸೆಲ್ಲಿಗೆ ವಿಮೆ ಮಾಡಿಸಬೇಕಾಗಿತ್ತು. ಕಿಟಕಿಯ ಆಚೆ ಕೂತಿದ್ದ ಹೆಣ್ಣುಮಗಳು ಅರಗಿನ ಕಡ್ಡಿಯನ್ನು ಮೇಣದಬತ್ತಿಗೆ ಹಿಡಿದು, ಕರಗಿದ್ದನ್ನು ಬಟ್ಟೆಯ ಹೊಲಿಗೆಯ ಮೇಲೆ ತೊಟ್ಟಿಕ್ಕಿಸಿ ಮುದ್ರೆ ಒತ್ತಿದಳು. ಆ ಹೊಗೆ ಮೂಗಿಗೆ ಬಂದದ್ದೇ ತಡ, ರಸೀದಿ ತೆಗೆದುಕೊಳ್ಳುವುದನ್ನೂ ಮರೆತು ಹೊರಗೆ ಬಂದುಬಿಟ್ಟೆ. ಆಕೆ ಕೂಗಿ ಕರೆದು ಕೊಟ್ಟಳು. ರಸೀದಿ ಮರೆಯುವವನು ನಾನಲ್ಲ. ಬೆಳಿಗ್ಗೆ ಐದಕ್ಕೆ ಏಳುವುದು, ಏಳಕ್ಕೆ ತಿಂಡಿ, ಹನ್ನೊಂದಕ್ಕೆ ಪತ್ರಿಕೆ, ಹನ್ನೆರಡೂವರೆಗೆ ಊಟ. ಇದು ತಪ್ಪಿದ ದಿನ ನೆನಪಿಲ್ಲ. ಅವತ್ತು ಮಾತ್ರ ಹನ್ನೊಂದು ಗಂಟೆಗೆ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದೆ.

ಅರಗಿನ ವಾಸನೆ ನನ್ನ ಪಾಲಿಗೆ ಮುಳಬಾಗಿಲಿನ ವಾಸನೆ. ಅಲ್ಲಿ ನಾನು ಇದ್ದದ್ದು ಒಂದು ವರ್ಷಕ್ಕೂ ಕಡಿಮೆ.

ಯುದ್ಧ ನಡೆಯುತ್ತಿದ್ದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡಾಡುತ್ತಿದ್ದವು. ಏರು ಬಂದರೆ ಪ್ರಯಾಣಿಕರು ಇಳಿದು ನಡೆಯಬೇಕು. ನನಗೆ ಇಪ್ಪತ್ತೆರಡು ವರ್ಷ. ತಂದೆ ತಾಯಿ ಇಬ್ಬರೂ ನಾನು ತೊಟ್ಟಿಲಲ್ಲಿದ್ದಾಗಲೇ ಪ್ಲೇಗಿನಲ್ಲಿ ಹೋಗಿದ್ದರು. ಬೆಳೆದದ್ದು ಕೋಲಾರದ ಒಂದು ಉಚಿತ ವಿದ್ಯಾರ್ಥಿ ನಿಲಯದಲ್ಲಿ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು. ಕಂಬಳಿಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸದಿದ್ದರೆ ವಾರ್ಡನ್ನರು ಬಿಚ್ಚಿ ಎಸೆಯುತ್ತಿದ್ದರು. ನನ್ನ ಕಂಬಳಿಯನ್ನು ಅವರು ಒಮ್ಮೆಯೂ ಬಿಚ್ಚಲಿಲ್ಲ. ನನಗೆ ಹೆಮ್ಮೆಪಡಲು ಇದ್ದದ್ದು ಅದೊಂದೇ.

ಮುಳಬಾಗಿಲಿನ ಕಚೇರಿಯ ಹೆಸರು ಇಲ್ಲಿ ಬೇಡ. ರಸ್ತೆಗಳನ್ನು ನೋಡಿಕೊಳ್ಳುವ ಕಚೇರಿ ಅಂದರೆ ಸಾಕು. ನಾನು ಅಲ್ಲಿ ಹಂಗಾಮಿ ಗುಮಾಸ್ತ. ಒಂದು ವರ್ಷದ ಕೆಲಸ ನೋಡಿ ಹೆಡ್ ಗುಮಾಸ್ತರು ಚೆನ್ನಾಗಿದೆ ಎಂದು ಬರೆದರೆ ಕಾಯಂ ಆಗುತ್ತಿತ್ತು. ಕಾಯಂ ಆದರೆ ಒಂದು ಊರು, ಒಂದು ಮನೆ ಎಂದು ಇರಬಹುದಿತ್ತು. ನಾನು ಬಯಸಿದ್ದು ಅಷ್ಟೇ. ಬಾಡಿಗೆ ಕೋಣೆ ಬೆಟ್ಟದ ಬುಡದಲ್ಲಿತ್ತು. ಕಿಟಕಿ ತೆರೆದರೆ ಬಂಡೆ. ಸಂಜೆಯಾದರೂ ಅದರ ಕಾವು ಆರುತ್ತಿರಲಿಲ್ಲ. ಬೀದಿಯವರ ಮಾತು ತೆಲುಗು, ಕಚೇರಿಯ ಮಾತು ಕನ್ನಡ. ಎರಡರಲ್ಲೂ ನನ್ನ ಜೊತೆ ಮಾತಾಡುವವರು ಇರಲಿಲ್ಲ. ಜವಾನ ಖಾದರ್ ಸಾಬರು ಒಬ್ಬರನ್ನು ಬಿಟ್ಟು. ಅರಗು ಕಾಯಿಸಿ ಲಕೋಟೆಗಳಿಗೆ ಮುದ್ರೆ ಹಾಕುವುದು ಅವರ ಕೆಲಸ. ಅವರ ಮೇಜು ನನ್ನ ಮೇಜಿನ ಪಕ್ಕದಲ್ಲೇ ಇತ್ತು.

ಆಷಾಢದಲ್ಲಿ ಟೆಂಡರು ಕರೆದರು. ಮುಳಬಾಗಿಲಿನಿಂದ ಶ್ರೀನಿವಾಸಪುರದ ತನಕ ರಸ್ತೆಗೆ ಹೊಸ ಮೈಲಿಗಲ್ಲುಗಳನ್ನು ಕೆತ್ತಿ ನೆಡುವ ಕೆಲಸ. ದರವನ್ನು ಬರೆದು, ಲಕೋಟೆಗೆ ಅರಗು ಹಾಕಿ, ಬೀಗ ಹಾಕಿದ ಪೆಟ್ಟಿಗೆಯೊಳಗೆ ಬಿಡಬೇಕು. ಜೊತೆಗೆ ಕಚೇರಿ ಕೊಟ್ಟ ನಕ್ಷೆಯಂತೆ ಒಂದು ಮಾದರಿ ಕಲ್ಲನ್ನು ಕೆತ್ತಿ ಅಂಗಳಕ್ಕೆ ತಂದು ಇಳಿಸಬೇಕು. ನಕ್ಷೆಯಲ್ಲಿ ಏಳನೇ ಮೈಲಿಯ ಕಲ್ಲನ್ನು ತೋರಿಸಿತ್ತು. ಹಾಗಾಗಿ ಬಂದ ಮೂರು ಮಾದರಿಗಳೂ ಏಳನೇ ಮೈಲಿಯವೇ. ನಮ್ಮ ಅಂಗಳದಲ್ಲಿ ಮೂರು ಏಳನೇ ಮೈಲಿಗಳು ಸಾಲಾಗಿ ನಿಂತಿದ್ದವು.

ಮೂರನೆಯದನ್ನು ತಂದವರು ಶಿವಾರಪಟ್ಟಣದ ವೀರಾಚಾರಿ. ಐವತ್ತು ದಾಟಿದವರು, ಒಣಕಲು ಮೈ, ಹುಬ್ಬಿನ ತುಂಬ ಕಲ್ಲಿನ ಪುಡಿ. ಮಾಲೂರಿನ ಆ ಕಡೆಯಿಂದ ಎತ್ತಿನ ಗಾಡಿಯಲ್ಲಿ ಮೂರು ದಿನದ ದಾರಿ. ಆ ಊರಿನವರು ದೇವರ ವಿಗ್ರಹ ಕೆತ್ತುವವರು, ಮೈಲಿಗಲ್ಲು ಅವರ ಕಸುಬಲ್ಲ. ಆದರೆ ಯುದ್ಧ ಬಂದ ಮೇಲೆ ಗುಡಿ ಕಟ್ಟಿಸುವವರು ಕೈ ಬಿಗಿ ಹಿಡಿದಿದ್ದರು. ಒಂಬತ್ತು ಮನೆಯವರು ಒಟ್ಟಾಗಿ ವೀರಾಚಾರಿಯವರ ಹೆಸರಲ್ಲಿ ಟೆಂಡರು ಹಾಕಿದ್ದರು.

ಗಾಳಿ ಧೂಳೆಬ್ಬಿಸುತ್ತಿತ್ತು. ಕಲ್ಲು ಇಳಿಸುವುದನ್ನು ಖಾದರ್ ಸಾಬರು ನಿಂತು ನೋಡಿದರು.

"ಅರೆ ಆಚಾರ್ರೇ, ಇದು ಮೈಲಿಗಲ್ಲಾ, ಗರ್ಭಗುಡಿ ದೇವ್ರಾ? ಇಷ್ಟೊಂದು ನುಣುಪು ಯಾಕೆ? ಎಮ್ಮೆ ಬಂದು ಮೈ ಉಜ್ಜೋದು ಇದಕ್ಕೆ."

"ಉಜ್ಜಲಿ ಬಿಡಪ್ಪ ಸಾಬಣ್ಣ," ಅಂದರು ವೀರಾಚಾರಿ, ಹಗ್ಗ ಬಿಚ್ಚುತ್ತ. "ಎಮ್ಮೆಗಾದ್ರೂ ಹಿತವಾಗಿರ್ಲಿ."

ಅವರು ಎತ್ತುಗಳಿಗೆ ನೀರು ಕುಡಿಸಲು ಹೋದಾಗ ನಾನು ಟೇಪು ಹಿಡಿದು ಅಳತೆ ತೆಗೆದೆ. ಎತ್ತರ ಸರಿ, ಅಗಲ ಸರಿ, ದಪ್ಪ ಸರಿ. ಉಳಿದ ಎರಡು ಕಲ್ಲುಗಳ ಪಕ್ಕದಲ್ಲಿ ಇದು ಬೇರೆಯೇ ಜಾತಿಯದು ಅನ್ನಿಸುತ್ತಿತ್ತು. ಅಂಕಿಯ ಮೇಲೆ ಬೆರಳಾಡಿಸಿದೆ. ಏಳರ ಬಾಲದ ತುದಿಯಲ್ಲಿ ಒಂದು ಅಕ್ಕಿಕಾಳಿನಷ್ಟು ಜಾಗ ಕೆತ್ತದೆ ಉಳಿದಿತ್ತು. ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯಿತು. ಬಗ್ಗಿ ನೋಡಿದೆ. ಹೌದು, ಉಳಿದಿತ್ತು.

ಮಾದರಿಗಳ ರಿಜಿಸ್ಟರಿನಲ್ಲಿ ಅಚ್ಚಾದ ಕಾಲಂಗಳು ಐದು. ಕ್ರಮಸಂಖ್ಯೆ, ಹೆಸರು, ತಾರೀಖು, ಅಳತೆ, ಕಲ್ಲಿನ ಜಾತಿ. ಕಂಡದ್ದನ್ನು ಬರೆಯಲು ಜಾಗ ಇರಲಿಲ್ಲ. ನಾನು ರೂಲು ದೊಣ್ಣೆ ಇಟ್ಟು, ಕೆಂಪು ಮಸಿಯಲ್ಲಿ ಪುಟದ ಅಂಚಿಗೆ ಒಂದು ಗೀಟು ಎಳೆದು ಆರನೆಯ ಕಾಲಂ ಮಾಡಿದೆ. ಮೇಲೆ ಷರಾ ಎಂದು ತಲೆಬರಹ ಬರೆದೆ. ಮೊದಲ ಇಬ್ಬರ ಮುಂದೆ "ಇಲ್ಲ" ಎಂದು ಬರೆದೆ. ವೀರಾಚಾರಿಯವರ ಮುಂದೆ "ಅಂಕಿಯ ಕೊನೆ ಪೂರ್ತಿ ಕೆತ್ತಿಲ್ಲ" ಎಂದು ಬರೆದೆ. ಗೀಟು ಬಹಳ ನೆಟ್ಟಗೆ ಬಂದಿತ್ತು. ಒತ್ತುಕಾಗದ ಒತ್ತಿ ಪುಸ್ತಕ ಮುಚ್ಚಿದೆ.

ಲಕೋಟೆಗಳನ್ನು ಎಲ್ಲರ ಎದುರಿಗೆ ಒಡೆದರು. ವೀರಾಚಾರಿಯವರ ದರವೇ ಕಡಿಮೆ. ಎರಡು ವಾರದ ನಂತರ ಕೆಲಸ ಮಾತ್ರ ಮುಳಬಾಗಿಲಿನ ಕಂಟ್ರಾಕ್ಟರ್ ಸುಬ್ಬರಾಯಪ್ಪನವರಿಗೆ ಹೋಯಿತು. ಇಲ್ಲಿ ಯಾರೂ ಲಂಚ ತಿನ್ನಲಿಲ್ಲ, ಯಾರೂ ಲಕೋಟೆ ಬದಲಾಯಿಸಲಿಲ್ಲ. ಹೆಡ್ ಗುಮಾಸ್ತರು ನರಸಿಂಹಯ್ಯನವರು ದಾಖಲೆಯನ್ನು ಓದಿದರು, ದಾಖಲೆಯಲ್ಲಿದ್ದುದನ್ನು ಟಿಪ್ಪಣಿಯಲ್ಲಿ ಬರೆದರು, ಎಂಜಿನಿಯರು ಸಹಿ ಹಾಕಿದರು. ಅಂಗಳಕ್ಕೆ ಇಳಿದು ಕಲ್ಲನ್ನು ಯಾರೂ ನೋಡಲಿಲ್ಲ. "ನಿಮ್ಮ ಮಾದರಿಯು ಅಪೂರ್ಣವಾಗಿರುವುದರಿಂದ ಟೆಂಡರನ್ನು ತಿರಸ್ಕರಿಸಲಾಗಿದೆ" ಎಂಬ ನೋಟೀಸನ್ನು ದುಂಡಾದ ಅಕ್ಷರದಲ್ಲಿ ಬರೆದವನು ನಾನೇ. ಖಾದರ್ ಸಾಬರು ಅರಗು ಹಾಕಿದರು.

ಎಂಟನೆಯ ದಿನ ವೀರಾಚಾರಿ ಬಂದರು. ಇದ್ದಿಲ ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟು ಉಳಿದದ್ದನ್ನು ನಡೆದು ಬಂದಿದ್ದರು. ಮಧ್ಯಾಹ್ನದ ಬಿಡುವು, ಕಚೇರಿಯಲ್ಲಿ ನಾನೊಬ್ಬನೇ ಇದ್ದೆ.

"ಸ್ವಾಮಿ, ಇದ್ರಲ್ಲಿ ಏನ್ ಬರ್ದಿದೆ? ಊರಲ್ಲಿ ಮೇಷ್ಟ್ರ ತಾವ ಓದಿಸ್ದೆ. ಅಪೂರ್ಣ ಅಂದ್ರು. ನನ್ ಕಿವಿಗೇ ಸರಿ ಕೇಳ್ಲಿಲ್ವೇನೋ ಅಂತ ಇಲ್ಲೀಗಂಟ ಬಂದೆ."

"ಹಾಗೇ ಇದೆ. ಏಳರ ತುದಿ ಕೆತ್ತಿಲ್ಲವಂತೆ," ಅಂದೆ. ಯಾರೋ ಹೇಳಿದ್ದನ್ನು ದಾಟಿಸುವವನ ಹಾಗೆ ಅಂದೆ.

ಅವರು ನಕ್ಕೇ ಬಿಟ್ಟರು. "ಅದಾ! ಅದು ಬಿಟ್ಟಿರೋದು ಸ್ವಾಮಿ, ಮರ್ತಿರೋದಲ್ಲ. ದೇವ್ರಿಗೆ ನಾವು ಮನೇಲಿ ಕಣ್ ತೆರಿಯಲ್ಲ. ಪೀಠದ ಮೇಲೆ ನಿಂತ್ಮೇಲೆ ಹೋಗಿ ತೆರಿಯೋದು."

"ಇದು ದೇವರಲ್ಲವಲ್ಲ."

"ಕಲ್ಲಲ್ವಾ? ನಮ್ಮಪ್ಪ ಒರಳುಕಲ್ಲಿಗೂ ಒಂದು ಏಟು ಉಳಿಸ್ಕೊಳ್ಳೋರು. ತಗೊಂಡೋರ ಅಡುಗೆಮನೇಲಿ ಕೂರ್ಸಿ, ಆ ಏಟು ಹೊಡ್ದು, ಒಂದು ಲೋಟ ಮಜ್ಜಿಗೆ ಕುಡ್ದು ಬರೋರು. ನಿಲ್ಲದ ಕಲ್ಲನ್ನ ಮುಗಿಸ್ಬಾರ್ದು. ನಿಂತ ಜಾಗದಲ್ಲೇ ಮುಗೀಬೇಕು."

"ಇದನ್ನು ಅವತ್ತೇ ಹೇಳಬಹುದಿತ್ತಲ್ಲ?"

"ಯಾರೂ ಕೇಳ್ಲಿಲ್ವಲ್ಲ ಸ್ವಾಮಿ."

ಅವರು ತಪ್ಪು ಹೊರಿಸುವ ದನಿಯಲ್ಲಿ ಹೇಳಲಿಲ್ಲ. ಇದ್ದದ್ದನ್ನು ಹೇಳಿದರು. ಆಗ ನನಗೆ ತೋಚಿದ್ದು ನಿಯಮ. ಟೆಂಡರಿನ ತೀರ್ಮಾನ ಒಪ್ಪದವರು ಮೂವತ್ತು ದಿನದೊಳಗೆ ಮೇಲಧಿಕಾರಿಗಳಿಗೆ ತಕರಾರು ಅರ್ಜಿ ಹಾಕಬಹುದು, ನೋಟೀಸಿನ ಮೂಲ ಪ್ರತಿ ಲಗತ್ತಿಸಬೇಕು ಎಂದು ಗಟ್ಟಿಯಾಗಿ ಹೇಳಿದೆ.

"ತಕರಾರು ಅಂದ್ರೆ ಜಗಳಾನಾ?"

"ಜಗಳ ಅಲ್ಲ. ಇನ್ನೊಂದು ಸಲ ನೋಡಿ ಅಂತ ಕೇಳುವುದು."

"ಸರ್ಕಾರ ತಪ್ಪು ಮಾಡ್ತು ಅಂತ ಸರ್ಕಾರಕ್ಕೇ ಹೇಳೋದು!" ಅವರಿಗೆ ಅದೊಂದು ತಮಾಷೆಯಾಗಿ ಕಂಡಿತು. "ಕೇಳ್ತಾರಾ?"

"ನಿಯಮದಲ್ಲಿದೆ," ಅಂದೆ. "ನಾನು ಬರೆದುಕೊಡುವ ಹಾಗಿಲ್ಲ. ತಾಲ್ಲೂಕು ಕಚೇರಿ ಮುಂದೆ ಹುಣಸೆ ಮರದ ಕೆಳಗೆ ಅರ್ಜಿ ಬರೆಯುವವರು ಕೂತಿರುತ್ತಾರೆ."

ಅವರು ಕೈಮುಗಿದು ಹುಣಸೆ ಮರದ ಕಡೆ ಹೋದರು. ಆ ಷರಾ ಬರೆದವನು ನಾನು ಎಂದು ಹೇಳಲಿಲ್ಲ.

ಅರ್ಜಿ ಹೋಯಿತು, ಕೆಲಸಕ್ಕೆ ತಡೆ ಬಂತು. ದಾರಿ ತೋರಿಸಿದ್ದು ಯಾರು ಎನ್ನುವುದು ಒಂದೇ ದಿನದಲ್ಲಿ ಕಚೇರಿಗೆ ಗೊತ್ತಾಯಿತು. ನರಸಿಂಹಯ್ಯನವರು ಕರೆದರು. ಬೈಯುವ ಮನುಷ್ಯ ಅಲ್ಲ ಅವರು. ಕನ್ನಡಕ ತೆಗೆದು ಒರೆಸಿಕೊಂಡರು.

"ಅಲ್ರೀ, ನಾವು ಹಾಕಿದ ಬಾಗಿಲಿಗೆ ನೀವು ಬೀಗದಕೈ ಕೊಟ್ಟು ಕಳಿಸ್ತೀರಲ್ಲ!"

"ನಿಯಮ ಹೇಳಿದೆ ಅಷ್ಟೆ, ಸಾರ್."

"ನಿಯಮ ನನಗೂ ಗೊತ್ತು. ನಮ್ಮ ಕೈಬರಹದ ಮೇಲೆ ಬೇರೆಯವರು ಕೂತು ಪಂಚಾಯ್ತಿ ಮಾಡ್ತಾರಲ್ಲ, ಅದು ನಿಮಗೆ ಗೊತ್ತಾ?"

ಅವತ್ತಿನಿಂದ ಮಧ್ಯಾಹ್ನದ ತಿಂಡಿ ನನ್ನ ಮೇಜಿಗೆ ಬರುವುದು ನಿಂತಿತು. ಮೊದಲು ನಾಲ್ವರು ಗುಮಾಸ್ತರು ತಮ್ಮ ತಮ್ಮ ಡಬ್ಬಿಯನ್ನು ಒಂದು ಸುತ್ತು ಕಳಿಸುತ್ತಿದ್ದರು. ನಿಪ್ಪಟ್ಟೋ, ಹುರಿದ ಕಡಲೆಕಾಯಿಯೋ ಏನಾದರೂ ಒಂದು. ಈಗ ಸುತ್ತು ನನ್ನ ಹಿಂದಿನ ಮೇಜಿಗೆ ಬಂದು ವಾಪಸು ಹೋಗುತ್ತಿತ್ತು. ಯಾರೂ ಕೆಟ್ಟ ಮಾತು ಆಡಲಿಲ್ಲ. ಕೇಳಿದ ಕಡತ ಕೊಡುತ್ತಿದ್ದರು, ಕೇಳಿದ ಪ್ರಶ್ನೆಗೆ ಉತ್ತರ ಹೇಳುತ್ತಿದ್ದರು. ನಾನು ಹನ್ನೆರಡೂವರೆಗೆ ಅಂಗಳಕ್ಕೆ ಹೋಗಿ, ಮೂರು ಕಲ್ಲುಗಳ ಪಕ್ಕದಲ್ಲಿ ಕೂತು, ಹೋಟೆಲಿನಿಂದ ತಂದ ಎಲೆಯ ಪೊಟ್ಟಣ ಬಿಚ್ಚಿ ಉಣ್ಣುತ್ತಿದ್ದೆ. ಹನ್ನೆರಡೂ ಐವತ್ತಕ್ಕೆ ಕೈ ತೊಳೆಯುತ್ತಿದ್ದೆ. ಉಳಿದ ಹತ್ತು ನಿಮಿಷಕ್ಕೆ ಕೆಲಸ ಇರುತ್ತಿರಲಿಲ್ಲ. ಆ ಅಕ್ಕಿಕಾಳಿನಷ್ಟು ಜಾಗದ ಮೇಲೆ ಬೆರಳಿಟ್ಟು ಕೂತಿರುತ್ತಿದ್ದೆ.

ಭಾದ್ರಪದದಲ್ಲಿ ಮಳೆ ಹಿಡಿಯಿತು. ಒಂದು ಶನಿವಾರ ದೇವರಾಯಸಮುದ್ರದ ಕೆರೆ ಕೋಡಿ ಬಿದ್ದಿದೆ ಎಂದು ಸುದ್ದಿ ಬಂತು. ಭಾನುವಾರ ಕಚೇರಿಯವರೆಲ್ಲ ಎರಡು ಗಾಡಿ ಕಟ್ಟಿಕೊಂಡು ಬುತ್ತಿ ಸಮೇತ ನೋಡಲು ಹೋದರು. ನನ್ನನ್ನು ಕರೆಯಲಿಲ್ಲ. ಕರೆಯಲಿಲ್ಲವೆಂದು ನೋಡದೆ ಇರುವುದು ಯಾಕೆ ಎಂದುಕೊಂಡು ನಾನು ನಡೆದೇ ಹೋದೆ. ಏರಿಯ ಈ ತುದಿಯಲ್ಲಿ ನಿಂತಾಗ ಆ ತುದಿಯಲ್ಲಿ ಅವರು ಕಂಡರು. ಜಮಖಾನ ಹಾಸಿ ಕೂತಿದ್ದರು. ನರಸಿಂಹಯ್ಯನವರು ಏನೋ ಹೇಳಿದರು, ಎಲ್ಲರೂ ನಕ್ಕರು. ನೀರಿನ ಸದ್ದಿಗೆ ನಗು ಕೇಳಿಸಲಿಲ್ಲ, ಕಾಣಿಸಿತು. ಇಷ್ಟಗಲ ನೀರು, ಅದರ ಮೇಲೆ ಮೋಡದ ಬೆಳಕು. ಐದು ನಿಮಿಷ ನೋಡಿ ಬಂದ ದಾರಿಯಲ್ಲೇ ಹಿಂದಿರುಗಿದೆ. ದಾರಿಯುದ್ದಕ್ಕೂ ರಾಗಿ ಹೊಲಗಳು ಹಸಿರಾಗಿದ್ದವು. ಆ ಸಂತೋಷವನ್ನು ಯಾರಿಗೆ ಹೇಳುವುದೆಂದು ತಿಳಿಯಲಿಲ್ಲ.

ದಸರಾ ಕಳೆದು ಆಕಾಶ ತಿಳಿಯಾದ ಮೇಲೆ ಕೋಲಾರದಿಂದ ಮೇಲಧಿಕಾರಿಗಳು ಸ್ಥಳ ನೋಡಲು ಬಂದರು. ವೀರಾಚಾರಿಯೂ ಬಂದಿದ್ದರು, ತಲೆಗೆ ಹೊಸ ರುಮಾಲು. ಅಧಿಕಾರಿಗಳು ನೇರವಾಗಿ ಅಂಗಳಕ್ಕೆ ಹೋದರು, ಷರಾಯಿ ಎತ್ತಿಕೊಂಡು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಅಪೂರ್ಣ ಎಲ್ಲಿ?"

ಎಂಜಿನಿಯರು ಹೆಡ್ ಗುಮಾಸ್ತರನ್ನು ನೋಡಿದರು, ಹೆಡ್ ಗುಮಾಸ್ತರು ನನ್ನನ್ನು ನೋಡಿದರು. ನಾನು ಬಗ್ಗಿ ಬೆರಳಿಟ್ಟು ತೋರಿಸಿದೆ. ಅಧಿಕಾರಿಗಳು ಕನ್ನಡಕ ಮೇಲೆ ಮಾಡಿ, ಕೆಳಗೆ ಮಾಡಿ ನೋಡಿದರು.

"ಇದಾ!" ಅಂದು ಎದ್ದರು. ವೀರಾಚಾರಿಯ ಕಡೆ ತಿರುಗಿದರು. "ಉಳಿ ತಂದಿದ್ದೀರಾ? ಒಂದು ಏಟು ಹೊಡೆದುಬಿಡಿ. ಮಾದರಿ ಪೂರ್ತಿಯಾಯಿತು ಅಂತ ಇಲ್ಲೇ ಬರೀತೀನಿ."

ಎಲ್ಲರಿಗೂ ನಿರಾಳವಾಯಿತು. ನನಗೂ. ವೀರಾಚಾರಿ ಮಾತ್ರ ಅಲುಗಲಿಲ್ಲ.

"ಇಲ್ಲಿ ಹೊಡೆದ್ರೆ ಇದು ಈ ಅಂಗಳದ ಕಲ್ಲಾಗ್ತದೆ ಸ್ವಾಮಿ. ಇದು ಏಳ್ನೇ ಮೈಲಿದು."

"ಕೆಲಸ ಕೈ ತಪ್ಪುತ್ತೆ ಕಣಯ್ಯ."

"ಅದು ಗೊತ್ತು ಸ್ವಾಮಿ. ಒಂಬತ್ತು ಮನೆ ಉಳಿ ಸುಮ್ನೆ ಕೂತವೆ. ಕೆಲಸ ಬೇಕೇ ಬೇಕು ನಮ್ಗೆ." ಅವರು ಕೈ ಮುಗಿದರು. "ಆದ್ರೂ ಇಲ್ಲಿ ಹೊಡಿಯಲ್ಲ."

"ಯಾ ಅಲ್ಲಾ," ಅಂದರು ಖಾದರ್ ಸಾಬರು ನನ್ನ ಹಿಂದೆ, ಮೆಲ್ಲಗೆ.

ಅಧಿಕಾರಿಗಳು ವೀರಾಚಾರಿಗೆ ಹೊಂಗೆ ಮರದ ಕೆಳಗೆ ಕೂತಿರಲು ಹೇಳಿ, ನಮ್ಮನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಸಿದರು. ರಿಜಿಸ್ಟರು ತರಿಸಿದರು.

"ಅಚ್ಚಾದ ಪುಸ್ತಕದಲ್ಲಿ ಐದು ಕಾಲಂ ಇರಬೇಕು. ಇಲ್ಲಿ ಆರಿದೆ. ಯಾಕೆ?"

ಆಗ ನರಸಿಂಹಯ್ಯನವರು ಒಂದು ಹೆಜ್ಜೆ ಮುಂದೆ ಬಂದರು.

"ಅದು ನಮ್ಮ ಕಚೇರಿಯ ರೂಢಿ, ಸ್ವಾಮಿ. ಹಿಂದಿನಿಂದಲೂ ಹಾಗೇ."

ನನ್ನನ್ನು ಕಾಪಾಡಲು ಅವರು ಆ ಮಾತು ಹೇಳಿದರು. ಇಷ್ಟು ದಿನ ತಿಂಡಿ ಕೊಡದ ಮನುಷ್ಯ ನನ್ನ ತಪ್ಪನ್ನು ಕಚೇರಿಯ ಮೇಲೆ ಎಳೆದುಕೊಂಡರು. ನಾನು ಸುಮ್ಮನೆ ಇದ್ದಿದ್ದರೆ ಸಾಕಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ಷರಾ ಕಾಲಂ ರೂಢಿ ಎನ್ನಿಸಿಕೊಳ್ಳುತ್ತಿತ್ತು, ತಿರಸ್ಕಾರ ನಿಲ್ಲುತ್ತಿತ್ತು, ನನ್ನ ಕೆಲಸ ಕಾಯಂ ಆಗುತ್ತಿತ್ತು.

"ರೂಢಿ ಅಲ್ಲ ಸ್ವಾಮಿ," ಅಂದೆ. "ಹಿಂದಿನ ಪುಟಗಳಲ್ಲಿ ಇಲ್ಲ. ಆ ಗೀಟು ನಾನೇ ಎಳೆದದ್ದು. ಯಾರೂ ಹೇಳಿರಲಿಲ್ಲ."

ನರಸಿಂಹಯ್ಯನವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

"ಯಾಕೆ ಬಿಟ್ಟಿದ್ದೀರಿ ಅಂತ ಆಚಾರಿಯನ್ನು ಕೇಳಿದಿರಾ?"

"ಇಲ್ಲ."

"ಪಕ್ಕದಲ್ಲೇ ಇದ್ದರಲ್ಲ?"

"ಎತ್ತಿಗೆ ನೀರು ಕುಡಿಸುತ್ತಿದ್ದರು."

ಅಧಿಕಾರಿಗಳು ಅದನ್ನೆಲ್ಲ ಹೇಳಿಕೆಯಾಗಿ ಬರೆಸಿ ಸಹಿ ಹಾಕಿಸಿಕೊಂಡರು. ಹೊರಗೆ ಬಂದಾಗ ಹೊಂಗೆ ಮರದ ಕೆಳಗಿಂದ ವೀರಾಚಾರಿ ಎದ್ದು ಬಂದರು.

"ಏನಂದ್ರು ಸ್ವಾಮಿ?"

"ಹದಿನೈದು ದಿನದಲ್ಲಿ ಆದೇಶ ಬರುತ್ತದೆ," ಅಂದೆ. ಒಳಗೆ ಆಡಿದ ಮಾತನ್ನು ಹೊರಗೆ ಆಡುವಂತಿಲ್ಲ ಎಂಬ ನಿಯಮ ಆಗ ನನಗೆ ಬಹಳ ಅನುಕೂಲವಾಗಿ ನೆನಪಾಯಿತು.

ಆದೇಶ ಬಂತು. ನಮೂನೆಯಲ್ಲಿ ಇಲ್ಲದ ಕಾಲಮ್ಮಿನ ಷರಾ ಆಧಾರದ ಮೇಲೆ ಟೆಂಡರು ತಿರಸ್ಕರಿಸಿದ್ದು ಸರಿಯಲ್ಲ, ಮಾದರಿಯನ್ನು ಕಲ್ಲು ಮತ್ತು ಕೆಲಸ ನೋಡಿ ತೀರ್ಮಾನಿಸಬೇಕು, ಕೆಲಸವನ್ನು ವೀರಾಚಾರಿಗೆ ಕೊಡಬೇಕು. ಅದರ ಹಿಂದೆಯೇ ನನ್ನದೂ ಬಂತು. ಮುಳಬಾಗಿಲಿನಲ್ಲಿ ಕಾಯಂ ಮಾಡಲು ಹೆಡ್ ಗುಮಾಸ್ತರ ಶಿಫಾರಸು ಇಲ್ಲ. ಶ್ರೀನಿವಾಸಪುರದ ಕಡೆ ರಸ್ತೆ ಮೇಲಿನ ಅಳತೆ ಕೆಲಸಕ್ಕೆ ಹೋಗತಕ್ಕದ್ದು. ಹೊರಡುವ ದಿನ ಎಲ್ಲರಿಗೂ ನಮಸ್ಕಾರ ಹೇಳಿದೆ. ಎಲ್ಲರೂ ನಮಸ್ಕಾರ ಅಂದರು. ಖಾದರ್ ಸಾಬರು ಬಾಗಿಲ ತನಕ ಬಂದು, ಉಳಿದ ಒಂದು ಅರಗಿನ ತುಂಡನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಇಟ್ಟರು.

"ಅಲ್ಲಿ ಸಿಗಲ್ಲ, ಇಟ್ಕೊಳ್ಳಿ. ಮತ್ತೆ ನಕ್ಕೋ, ಬೇಡ ಸ್ವಾಮಿ, ಹೋದ ಕಡೆ ಗೀಟು ಗೀಟಿ ಎಳೀಬೇಡಿ."

ಮಾವಿನ ತೋಪಿನ ನಡುವೆ ರಸ್ತೆ ಇಲಾಖೆಯ ಸಾಮಾನು ಇಡುವ ಒಂದು ತಗಡಿನ ಶೆಡ್ಡು. ಅದೇ ನನ್ನ ಮನೆ. ಪುಷ್ಯದ ಮಂಜು ಬೆಳಿಗ್ಗೆ ಎಂಟರ ತನಕ ಸರಿಯುತ್ತಿರಲಿಲ್ಲ. ಗಿಡಗಳಲ್ಲಿ ಆಗ ತಾನೇ ಹೂವು ಬರುತ್ತಿತ್ತು. ದಾರಿಹೋಕರ ಗಾಡಿಗಳಿಂದ ಹಸಿ ಅವರೆಕಾಯಿಯ ಸೊಗಡು ಬರುತ್ತಿತ್ತು. ಮಾತಾಡದೆ ಎರಡು ಮೂರು ದಿನ ಕಳೆದುಬಿಟ್ಟರೆ, ಸ್ವಂತ ದನಿ ಸರಿಯಾಗಿದೆಯೋ ಇಲ್ಲವೋ ಎಂದು ಮಗ್ಗಿ ಹೇಳಿ ನೋಡಿಕೊಳ್ಳುತ್ತಿದ್ದೆ.

ಮುಳಬಾಗಿಲಿನ ಕಡೆಯಿಂದ ಕಲ್ಲು ನೆಡುತ್ತ ಬಂದರು. ವೀರಾಚಾರಿಯ ಜೊತೆ ಒಂಬತ್ತು ಮನೆಗಳವರೂ ಇದ್ದರು. ನಾನು ಸರಪಳಿ ಹಿಡಿದು ಮೈಲಿ ಅಳೆದು ಗುರುತು ಮಾಡುತ್ತಿದ್ದೆ. ಅವರು ಗುಂಡಿ ತೋಡಿ, ಕಲ್ಲು ಇಳಿಸಿ, ತೂಕದ ಗುಂಡು ಬಿಟ್ಟು ನೆಟ್ಟಗೆ ನಿಲ್ಲಿಸಿ, ಮಣ್ಣು ಗುದ್ದುತ್ತಿದ್ದರು. ಎಲ್ಲ ಮುಗಿದ ಮೇಲೆ ಉಳಿದವರು ಹಿಂದೆ ಸರಿಯುತ್ತಿದ್ದರು. ವೀರಾಚಾರಿ ಕಲ್ಲಿನ ಮುಂದೆ ಕೂತು, ಸಣ್ಣ ಉಳಿ ಇಟ್ಟು, ಒಂದೇ ಏಟು ಹೊಡೆಯುತ್ತಿದ್ದರು. ಕಲ್ಲಿನ ಒಂದು ಚೂರು ಹಾರುತ್ತಿತ್ತು. "ಹಾಕ್ಕೊಳ್ಳಿ ಸ್ವಾಮಿ," ಅನ್ನುತ್ತಿದ್ದರು. ನಾನು ಪುಸ್ತಕದಲ್ಲಿ ಗುರುತು ಹಾಕುತ್ತಿದ್ದೆ.

ಏಳನೇ ಮೈಲಿಗೆ ಆ ಮಾದರಿ ಕಲ್ಲೇ ಬಂತು. ಅದು ನಿಂತ ಮೇಲೆ, ಆ ಏಟು ಬಿದ್ದ ಮೇಲೆ, ವೀರಾಚಾರಿ ತಮ್ಮ ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದರು. ಒಳಗೆ ಅಂಗೈಯಷ್ಟು ದೊಡ್ಡ ಕರಿಕಲ್ಲಿನ ಬಸವ. ಕೊಂಬು, ಕೊರಳ ಗಂಟೆ, ಮಡಿಸಿದ ಕಾಲು ಎಲ್ಲ ಇತ್ತು. ಕಣ್ಣಿನ ಜಾಗದಲ್ಲಿ ಮಾತ್ರ ಬರೀ ಉಬ್ಬು.

"ಅವತ್ತು ದಾರಿ ತೋರ್ಸಿದೋರು ನೀವು. ನಮ್ ತಾವ ಇರೋದು ಕಲ್ಲೇ, ಇನ್ನೇನ್ ಕೊಡಾನ?" ಅಂದರು. "ಇದಕ್ಕೂ ಬಾಕಿ ಉಳಿಸಿದೀನಿ. ನೀವು ಒಂದ್ಕಡೆ ಅಂತ ನೆಲೆ ನಿಂತ್ಮೇಲೆ ಒಂದು ಕಾಗ್ದ ಹಾಕಿ. ಎಲ್ಲಿದ್ರೂ ಬಂದು ಕಣ್ ತೆರೀತೀನಿ. ಬಸ್ ಚಾರ್ಜು ನಮ್ದೇ."

ಎಲ್ಲರೂ ನಕ್ಕರು. ಗುತ್ತಿಗೆದಾರರಿಂದ ಏನನ್ನೂ ತೆಗೆದುಕೊಳ್ಳಬಾರದು ಎಂಬ ನಿಯಮ ನನಗೆ ಬಾಯಿಪಾಠ. ಆದರೂ ತೆಗೆದುಕೊಂಡೆ. ಅಲ್ಲಿಯ ತನಕ ನನಗಾಗಿ ಎಂದು ಯಾರೂ ಏನನ್ನೂ ಮಾಡಿರಲಿಲ್ಲ. ಆಗ ಹೇಳಬೇಕಿತ್ತು. ಅಂಗೈ ಮೇಲೆ ಬಸವನನ್ನು ಹಿಡಿದುಕೊಂಡು, ಆಚಾರ್ರೇ, ಅಪೂರ್ಣ ಅಂತ ಬರೆದವನು ನಾನೇ ಎನ್ನಬೇಕಿತ್ತು. ಮಾತು ಬಾಯಿಗೆ ಬಂದಿತ್ತು. ಹೇಳಿದರೆ ಇದನ್ನು ವಾಪಸು ಕೇಳುತ್ತಾರೇನೋ ಅನ್ನಿಸಿತು. ಪುಸ್ತಕ ತೆರೆದು, ಏಳು ಎಂದು ಬರೆದು, ಗುರುತು ಹಾಕಿದೆ.

ಕೆಲಸ ಮುಗಿಸಿ ಅವರು ಊರಿಗೆ ಹೋದರು. ನಾನು ಮುಂದೆ ಬೇರೆ ಕಡೆ ಕಾಯಂ ಆದೆ, ಊರು ಮಾತ್ರ ಕಾಯಂ ಆಗಲಿಲ್ಲ. ಎರಡು ವರ್ಷ ಇಲ್ಲಿ, ಮೂರು ವರ್ಷ ಅಲ್ಲಿ. ಮದುವೆಯ ಮಾತು ಎರಡು ಸಲ ಬಂತು. ಎರಡು ಸಲವೂ ಅದರ ಹಿಂದೆ ವರ್ಗದ ಆರ್ಡರೂ ಬಂತು. ಆಮೇಲೆ ಮಾತು ಬರಲಿಲ್ಲ, ವರ್ಗ ಬರುತ್ತಲೇ ಇತ್ತು. ಬಸವ ಟ್ರಂಕಿನಲ್ಲಿ ಟವೆಲಿನೊಳಗೆ ಪ್ರಯಾಣ ಮಾಡಿತು. ನಿವೃತ್ತನಾಗಿ ಕೋಲಾರದಲ್ಲಿ ಎರಡು ಕೋಣೆಯ ಮನೆ ಕೊಂಡಾಗ ಅದನ್ನು ಮೇಜಿನ ಮೇಲೆ ಇಟ್ಟೆ. ಒಂದು ಇನ್‌ಲ್ಯಾಂಡ್ ಪತ್ರ ತಂದು, ಹೊರಗೆ ಶಿವಾರಪಟ್ಟಣದ ವಿಳಾಸ ಬರೆದೆ. ಒಳಗೆ ಮೊದಲ ಸಾಲಿಗೆ ಬಂದಾಗ, ಷರಾ ವಿಷಯ ಬರೆಯದೆ ಮುಂದಿನದನ್ನು ಬರೆಯಲಾರೆ ಅನ್ನಿಸಿತು. ನಾಳೆ ಬರೆಯೋಣ ಎಂದು ಇಟ್ಟೆ. ನನ್ನ ಜೀವನದಲ್ಲಿ ನಾಳೆಗೆ ಎಂದು ಇಟ್ಟ ಕಾಗದ ಅದೊಂದೇ. ಈಗಲೂ ಡ್ರಾಯರಿನಲ್ಲಿದೆ.

ಅಂಚೆ ಕಚೇರಿಯ ಮೆಟ್ಟಿಲಿಂದ ಎದ್ದ ಮಾರನೆಯ ದಿನ ಬಸವನನ್ನು ಚೀಲಕ್ಕೆ ಹಾಕಿಕೊಂಡು ಮಾಲೂರಿನ ಬಸ್ಸು ಹತ್ತಿದೆ. ಶಿವಾರಪಟ್ಟಣದಲ್ಲಿ ಮನೆ ಮನೆಯ ಮುಂದೆ ಉಳಿಯ ಸದ್ದು. ವೀರಾಚಾರಿಯವರ ಮನೆ ಕೇಳಿದಾಗ ಒಬ್ಬರು ಕೆಲಸ ನಿಲ್ಲಿಸಿ ಎದ್ದರು. ಬಿಳಿಯ ಗಡ್ಡ, ಹುಬ್ಬಿನ ತುಂಬ ಪುಡಿ. ಮಗ ನಂಜುಂಡಾಚಾರಿ. ತಂದೆ ತೀರಿಹೋಗಿ ಬಹಳ ವರ್ಷವಾಯಿತು ಅಂದರು. ನಾನು ಚೀಲದಿಂದ ಬಸವನನ್ನು ತೆಗೆದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು.

"ಓ! ನೀವು ಆ ಗೀಟಿನ ಗುಮಾಸ್ತರಲ್ವಾ?"

ನಾನು ಅಲ್ಲೇ ಇದ್ದ ಚಪ್ಪಡಿಯ ಮೇಲೆ ಕೂತೆ. "ಗೀಟು ನಿಮಗೆ ಹೇಗೆ ಗೊತ್ತು?"

"ಗೊತ್ತಿಲ್ದೆ ಏನು? ಆರ್ಡರ್ ಬಂದ ವಾರಕ್ಕೇ ಅಪ್ಪ ಕೋಲಾರಕ್ಕೆ ಹೋಗಿ ನಕಲು ತೆಗೆಸ್ಕೊಂಡು ಬಂದ್ರು. ಸರ್ಕಾರ ತಪ್ಪು ಅಂತ ಸರ್ಕಾರವೇ ಬರ್ದಿರೋ ಕಾಗ್ದ, ಮನೇಲಿ ಇರ್ಲಿ ಅಂತ! ಮೇಷ್ಟ್ರು ಪೂರ್ತಿ ಓದಿದ್ರು. ನಿಮ್ಮ ಹೇಳಿಕೇನೂ ಅದ್ರಲ್ಲೇ ಇತ್ತು. ನಾನೂ ಕೂತು ಕೇಳಿದೀನಿ."

ಅರ್ಜಿದಾರನಿಗೆ ಪೂರ್ತಿ ನಕಲು ಕೇಳುವ ಹಕ್ಕಿದೆ. ಆ ನಿಯಮ ನನಗೆ ಗೊತ್ತಿತ್ತು, ಅದರ ಸಂಖ್ಯೆ ಸಮೇತ ಗೊತ್ತಿತ್ತು. ವೀರಾಚಾರಿ ಕೇಳಿಯಾರು ಎಂಬುದು ಮಾತ್ರ ಇಷ್ಟು ವರ್ಷದಲ್ಲಿ ಒಂದು ಸಲವೂ ಹೊಳೆದಿರಲಿಲ್ಲ. ಏಳನೇ ಮೈಲಿಯಲ್ಲಿ ನನ್ನ ಮುಂದೆ ನಿಂತಾಗ ಅವರಿಗೆ ಎಲ್ಲವೂ ತಿಳಿದಿತ್ತು.

"ಏನಂದರು?" ಅಂದೆ.

"ನಕ್ರು. ‘ನಮ್ ಕಸುಬಿನೋರಿಗೇ ಕಾಣ್ದೆ ಇರೋದು ಆ ಹುಡುಗನಿಗೆ ಕಂಡದಲ್ಲೋ, ಕಣ್ಣು ಅಂದ್ರೆ ಅದು ಕಣೋ’ ಅಂದ್ರು. ಆವತ್ತೇ ಈ ಬಸವಣ್ಣನ್ನ ಮಾಡೋಕ್ ಕೂತ್ರು." ನಂಜುಂಡಾಚಾರಿ ಅದರ ಬೆನ್ನು ಸವರಿದರು. "ಕಾಗ್ದ ಬರ್ತದೆ, ಬರ್ತದೆ ಅಂತಿದ್ರು. ಯಾಕ್ ಸ್ವಾಮಿ, ಹಾಕ್ಲೇ ಇಲ್ಲ?"

"ವರ್ಗ ಆಗುತ್ತಿತ್ತು," ಅಂದೆ.

ಅವರು ತಲೆಯಾಡಿಸಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಉಳಿ ಪಕ್ಕದಲ್ಲೇ ಇತ್ತು. ನಾನು ಅದರ ಕಡೆ ನೋಡಿದ್ದನ್ನು ನೋಡಿ ಅವರು ಬಸವನನ್ನು ನನ್ನ ಕೈಗೆ ವಾಪಸು ಕೊಟ್ಟರು.

"ಇಲ್ಲಿ ಬೇಡ. ಈಗ ಎಲ್ಲಿ ನಿಂತಿದೀರ?"

ಮನೆಯ ಗುರುತು ಹೇಳಿದೆ. ಗುರುವಾರ ಹತ್ತೂವರೆ ಬಸ್ಸಿಗೆ ಬರುತ್ತೇನೆ ಅಂದರು. ನಾನು ಜೇಬಿಗೆ ಕೈ ಹಾಕಿದೆ. ಅವರು ನನ್ನ ಮಣಿಕಟ್ಟು ಹಿಡಿದು ತಡೆದರು.

"ಬಸ್ ಚಾರ್ಜು ನಮ್ದೇ. ಅಪ್ಪ ಹೇಳಿ ಹೋಗವ್ರೆ."

ಇವತ್ತು ಬುಧವಾರ. ಮೇಜಿನ ಮೇಲಿನ ಕಾಗದಗಳನ್ನೆಲ್ಲ ತೆಗೆದು ಒರೆಸಿದ್ದೇನೆ. ಪುಡಿ ಬೀಳುತ್ತದೆಂದು ಒಂದು ಹಳೆಯ ಪಂಚೆ ಹಾಸಿ, ಅದರ ಮೇಲೆ ಬಸವನನ್ನು ಇಟ್ಟಿದ್ದೇನೆ. ಮೊಸರು ಹೆಪ್ಪು ಹಾಕಿದ್ದೇನೆ, ಮಜ್ಜಿಗೆಗೆ. ಸಂಜೆ ಪೇಟೆಗೆ ಹೋಗಿ ಒಂದು ಲೋಟ ಕೊಂಡು ತಂದೆ. ಮನೆಯಲ್ಲಿ ಇದ್ದದ್ದು ಒಂದೇ.